ಕೌದಿಯೊಳಗಿನ ಗಾಳಿ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಚಾಲುಕ್ಯ ಶೈಲಿಯ ಭೀಮೇಶ್ವರ ದೇವಾಲಯದಿಂದ ಹೆಸರಾದ ಊರು. 2021ರಿಂದ ಇದು ಹೊಸ ವಿಜಯನಗರ ಜಿಲ್ಲೆಗೆ ಸೇರಿದೆ. ಅಲ್ಲಿಯ ಕಂಬಗಳ ನುಣುಪನ್ನೂ ಕೆತ್ತನೆಯ ಸೂಕ್ಷ್ಮವನ್ನೂ ಕುರಿತು ಬರೆದವರು ಉಂಟು. ಆದರೆ ಈ ಸೀಮೆಯ ಮನೆಗಳಲ್ಲಿ ದಿನವೂ ಹಾಸಿ, ಹೊದೆದು, ಮಡಿಸಿಡುವ ಕೌದಿಯ ಕಡೆಗೆ ವಿಜ್ಞಾನದ ವಿದ್ಯಾರ್ಥಿಯ ಗಮನ ಅಷ್ಟಾಗಿ ಹರಿದಿಲ್ಲ. ಹರಿದ ಧೋತರ, ಮಾಸಿದ ಇಳಕಲ್ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವುಗಳನ್ನು ಪದರ ಪದರವಾಗಿ ಹಾಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೈಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ ಇದರ ಬಂಧುಗಳೇ. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ 'ಕವಂದಿ'ಯೂ ಇದೇ ವಂಶದ್ದು.

ಕೌದಿಯನ್ನು ಬಡತನದ ಗುರುತೆಂದು ತಿಳಿಯುವವರಿದ್ದಾರೆ. ಇತ್ತೀಚೆಗೆ ಅದನ್ನು ಕೇವಲ ಅಲಂಕಾರದ ವಸ್ತುವೆಂದು ಗೋಡೆಗೆ ತೂಗುಹಾಕುವವರೂ ಇದ್ದಾರೆ. ಈ ಎರಡು ಎಣಿಕೆಗಳನ್ನೂ ಬದಿಗಿಟ್ಟು, ಕೌದಿಯು ಚಳಿಯನ್ನು ಹೇಗೆ ತಡೆಯುತ್ತದೆ, ಹಳೆಯ ಬಟ್ಟೆಯ ರಾಶಿಯಲ್ಲಿ ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳನ್ನು ಭೌತಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸೋಣ. ಎರಡನೆಯ ಪ್ರಶ್ನೆ ಇಂದು ಬಹು ಮುಖ್ಯವಾಗಿದೆ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

"ಕೌದಿ ಬೆಚ್ಚಗಿದೆ" ಎಂದು ನಾವು ಹೇಳುವುದುಂಟು. ವಾಸ್ತವವಾಗಿ ಮಡಿಸಿಟ್ಟ ಕೌದಿಯ ಉಷ್ಣತೆ ಕೋಣೆಯ ಉಷ್ಣತೆಗಿಂತ ಹೆಚ್ಚೇನೂ ಇರದು. ಕೌದಿಯು ಶಾಖವನ್ನು ಉತ್ಪಾದಿಸುವುದಿಲ್ಲ. ಉತ್ಪಾದಿಸುವುದು ಅದರೊಳಗೆ ಮಲಗಿರುವ ದೇಹ. ನಿದ್ರಿಸುವ ಮನುಷ್ಯನ ದೇಹದಿಂದ ಮೈಯ ಒಂದು ಚದರ ಮೀಟರಿಗೆ ಸುಮಾರು 40 ವಾಟ್‌ನಷ್ಟು ಶಾಖ ಹೊರಬೀಳುತ್ತಿರುತ್ತದೆ. ಈ ಶಾಖ ಹುಟ್ಟಿದಷ್ಟೇ ವೇಗದಲ್ಲಿ ಹೊರಹೋದರೆ ಹಿತ, ಅದಕ್ಕಿಂತ ಬೇಗ ಹೋದರೆ ಚಳಿ, ತಡವಾದರೆ ಸೆಕೆ. ಹೊದಿಕೆಯ ಕೆಲಸ ಈ ವೇಗವನ್ನು ಹತೋಟಿಯಲ್ಲಿಡುವುದು ಮಾತ್ರ.

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ದಾರಿಗಳಲ್ಲಿ ಸಾಗುತ್ತದೆಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ನಿಶ್ಚಲವಾದ ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ವಹಿಸುತ್ತದೆ. ಅದರ ಉಷ್ಣವಾಹಕತೆಯ ಅಂಕ ಸುಮಾರು 0.026, ನೀರಿನದು 0.6. ಎಂದರೆ ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಶಾಖವನ್ನು ಸಾಗಿಸಬಲ್ಲದು. ಆದರೆ ಗಾಳಿಗೆ ಒಂದು ದೋಷವುಂಟು. ಅದು ಸುಮ್ಮನೆ ನಿಲ್ಲುವುದಿಲ್ಲ; ಬಿಸಿಯಾದೊಡನೆ ಹಗುರಾಗಿ ಮೇಲೇರಿ, ಆ ಜಾಗಕ್ಕೆ ತಣ್ಣನೆಯ ಗಾಳಿಯನ್ನು ಕರೆತರುತ್ತದೆ. ಇದೇ ಸಂವಹನ. ಗಾಳಿಯನ್ನು ಕಟ್ಟಿಹಾಕಬೇಕಾದರೆ ಅದನ್ನು ಅತಿ ಸಣ್ಣ ಕೋಣೆಗಳಲ್ಲಿ ಕೂಡಿಹಾಕಬೇಕು. ಬಟ್ಟೆಯ ಎಳೆಗಳು ಮಾಡುವ ಕೆಲಸ ಅದೇ. ಪದರಗಳು ಅಡ್ಡ ನಿಂತು ವಿಕಿರಣವನ್ನೂ ತಡೆಯುತ್ತವೆ.

ಹೊದಿಕೆಯಲ್ಲಿ ಗಾಳಿಯೇ ಪ್ರಧಾನವೆಂಬುದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಕೌಂಟ್ ರಂಫರ್ಡ್ ಮೊದಲಿಗನು. ಉಷ್ಣವನ್ನು ಕುರಿತ ಈತನ ಪ್ರಬಂಧಗಳಿಗೆ ಲಂಡನ್ನಿನ ರಾಯಲ್ ಸೊಸೈಟಿಯು 1792ರಲ್ಲಿ ಕಾಪ್ಲೆ ಪದಕವನ್ನಿತ್ತಿತು. ಉಷ್ಣಮಾಪಕದ ಬುರುಡೆಯ ಸುತ್ತ ರೇಷ್ಮೆ, ಉಣ್ಣೆ, ಹತ್ತಿ, ಹಕ್ಕಿಯ ತುಪ್ಪುಳಗಳನ್ನು ತುಂಬಿ, ಅದು ತಣಿಯಲು ಹಿಡಿಯುವ ಕಾಲವನ್ನು ಅವನು ಅಳೆದನು. ಒಂದೇ ತೂಕದ ರೇಷ್ಮೆಯು ಸಡಿಲವಾದ ಎಳೆಗಳಾಗಿದ್ದಾಗ ಶಾಖವನ್ನು ಹೆಚ್ಚು ಹೊತ್ತು ಕಾಯ್ದಿತು. ಹುರಿಮಾಡಿದ ದಾರವಾಗಿದ್ದಾಗ ಬೇಗನೆ ಬಿಟ್ಟುಕೊಟ್ಟಿತು. ವಸ್ತು ಅದೇ, ತೂಕ ಅದೇ. ವ್ಯತ್ಯಾಸವಿದ್ದುದು ಎಳೆಗಳ ನಡುವೆ ನಿಂತ ಗಾಳಿಯಲ್ಲಿ.

ಈಗ ಒಂದು ಕೌದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ 2 ಮೀಟರ್, ಅಗಲ ಒಂದೂವರೆ ಮೀಟರ್, ಆರು ಪದರ, ದಪ್ಪ 4 ಮಿಲಿಮೀಟರ್ ಎಂದಿರಲಿ. ಬಟ್ಟೆ ಚದರ ಮೀಟರಿಗೆ 120 ಗ್ರಾಂ ತೂಗುವುದಾದರೆ ಇಡೀ ಕೌದಿಯ ತೂಕ 2,160 ಗ್ರಾಂ. ಹತ್ತಿಯ ಎಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.54 ಗ್ರಾಂ ಆದ್ದರಿಂದ ಎಳೆಗಳಷ್ಟೇ ಆಕ್ರಮಿಸುವ ಸ್ಥಳ 1.4 ಲೀಟರ್. ಕೌದಿಯ ಒಟ್ಟು ಗಾತ್ರವಾದರೋ 12 ಲೀಟರ್. ಉಳಿದ 10.6 ಲೀಟರ್ ಗಾಳಿಯೇ! ನಾವು ಹೊದೆಯುವುದು ನೂರರಲ್ಲಿ 88 ಪಾಲು ಗಾಳಿ, 12 ಪಾಲು ಹತ್ತಿ.

ಇಂಥ ಪದರದ ಉಷ್ಣವಾಹಕತೆ ಸುಮಾರು 0.04. ದಪ್ಪವನ್ನು ಮೀಟರಿನಲ್ಲಿ ಬರೆದು ಇದರಿಂದ ಭಾಗಿಸಿದರೆ ಕೌದಿಯ ಉಷ್ಣನಿರೋಧ 0.10 ಎಂದು ಬರುತ್ತದೆ. ಉಡುಪಿನ ನಿರೋಧವನ್ನು ಅಳೆಯಲು 1941ರಲ್ಲಿ ಗ್ಯಾಗಿ, ಬರ್ಟನ್, ಬ್ಯಾಜೆಟ್ ಎಂಬ ವಿಜ್ಞಾನಿಗಳು 'ಕ್ಲೋ' ಎಂಬ ಮಾನವನ್ನು ಸೂಚಿಸಿದರು. 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಸುಮ್ಮನೆ ಕುಳಿತವನಿಗೆ ಹಿತವೆನಿಸುವ ಉಡುಪು ಒಂದು ಕ್ಲೋ, ಅದು 0.155ಕ್ಕೆ ಸಮ. ನಮ್ಮ ಕೌದಿ ಸುಮಾರು ಮೂರನೆಯ ಎರಡು ಕ್ಲೋ ಆಯಿತು.

ಚಳಿಗಾಲದ ಒಂದು ರಾತ್ರಿ ಕೋಣೆಯ ಉಷ್ಣತೆ 18 ಡಿಗ್ರಿ, ಚರ್ಮದ ಉಷ್ಣತೆ 33 ಡಿಗ್ರಿ ಇದೆಯೆಂದು ಭಾವಿಸೋಣ. ಅಂತರ 15 ಡಿಗ್ರಿ. ಬರಿ ಮೈಯನ್ನು ಸುತ್ತಿದ ತೆಳ್ಳನೆಯ ಗಾಳಿಯ ಪೊರೆಯ ನಿರೋಧ ಸುಮಾರು 0.12. ಆಗ ಚದರ ಮೀಟರಿಗೆ 125 ವಾಟ್ ಶಾಖ ಹೊರಹೋಗುತ್ತದೆ. ದೇಹ ಉತ್ಪಾದಿಸುವುದಕ್ಕಿಂತ ಮೂರು ಪಟ್ಟು! ಕೌದಿ ಹೊದೆದಾಗ ಅದರ 0.10 ಅಲ್ಲದೆ, ಮೈಮೇಲಿನ ಅಂಗಿ ಮತ್ತು ಒಳಗಿನ ಗಾಳಿಯ ಸಂದಿಯಿಂದ ಇನ್ನೂ 0.12ರಷ್ಟು ನಿರೋಧ ಸೇರುತ್ತದೆ. ಒಟ್ಟು 0.34. ಶಾಖದ ನಷ್ಟ 44 ವಾಟ್‌ಗೆ ಇಳಿದು, ದೇಹದ ಉತ್ಪಾದನೆಗೆ ಹತ್ತಿರ ಬರುತ್ತದೆ. ಉಷ್ಣತೆ 13 ಡಿಗ್ರಿಗೆ ಇಳಿದರೆ ನಷ್ಟ 59 ವಾಟ್ ಆಗಿ ಒಂದು ಕೌದಿ ಸಾಲದು. ಇನ್ನೊಂದನ್ನು ಹೊದೆದರೆ, ಎರಡರ ನಡುವಣ ಗಾಳಿಯೂ ಸೇರಿ ನಿರೋಧ 0.49ರಷ್ಟಾಗಿ, ನಷ್ಟ 41 ವಾಟ್‌ಗೆ ಬರುತ್ತದೆ. ಉಸಿರು ಮತ್ತು ಬೆವರಿನ ಮೂಲಕ ಹೋಗುವ ಶಾಖವನ್ನು ಇಲ್ಲಿ ಬಿಟ್ಟಿರುವುದರಿಂದ ಈ ಅಂಕೆಗಳು ಸ್ಥೂಲವಾದವು. ಆದರೂ "ಚಳಿ ಹೆಚ್ಚಾದರೆ ಎರಡು ಕೌದಿ" ಎಂಬ ಮನೆಯ ರೂಢಿಗೆ ಅವು ಸರಿಹೊಂದುತ್ತವೆ.

ಹೊಲಿಗೆಯ ಪಾತ್ರವೇನು? ಹೊಲಿಗೆ ಬಿದ್ದ ಕಡೆ ಪದರಗಳು ಅಮುಕಲ್ಪಟ್ಟು ಗಾಳಿ ಹೊರಬೀಳುತ್ತದೆ. ಆದುದರಿಂದ ಅತಿ ಒತ್ತಾದ ಹೊಲಿಗೆ ಬಿಸುಪಿಗೆ ಹಾನಿ. ಹೊಲಿಗೆ ವಿರಳವಾದರೆ ಒಳಗಿನ ಬಟ್ಟೆ ಜಾರಿ ಒಂದೆಡೆ ಗಂಟಾಗುತ್ತದೆ. ಈ ಎರಡರ ನಡುವಣ ಹದವನ್ನು ಹೊಲಿಯುವವರು ಅನುಭವದಿಂದ ಕಂಡುಕೊಂಡಿದ್ದಾರೆ. ಸಿದ್ದಿ ಹೆಂಗಸರು ಅಂಚಿನಿಂದ ಪ್ರಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ 'ಫುಲ' ಎಂಬ ಮಡಿಚಿದ ತುಣುಕನ್ನಿಟ್ಟು ಮುಗಿಸುತ್ತಾರೆ.

ಜೀರ್ಣವಾದ ಬಟ್ಟೆಗಳಿಂದ ಗಟ್ಟಿಯಾದ ಕೌದಿ ಹುಟ್ಟುವುದು ವಿಚಿತ್ರವೆಂದು ತೋರಬಹುದು. ಇದನ್ನು ಸಂಭವನೀಯತೆಯ ಗಣಿತ ವಿವರಿಸುತ್ತದೆ. ಪ್ರತಿಯೊಂದು ಬಟ್ಟೆಯಲ್ಲೂ ಹತ್ತನೆಯ ಒಂದು ಪಾಲು ಸವೆದಿದೆ ಎನ್ನೋಣ. ಸವೆದ ಜಾಗಗಳು ಒಂದರ ಸಂಬಂಧವಿಲ್ಲದೆ ಒಂದು ಹರಡಿದ್ದರೆ, ಎರಡು ಪದರಗಳಲ್ಲಿ ಅವು ಒಂದರ ಮೇಲೊಂದು ಬೀಳುವ ಸಂಭವ ನೂರಕ್ಕೆ ಒಂದು. ನಾಲ್ಕು ಪದರಗಳಲ್ಲಿ ಹತ್ತು ಸಾವಿರಕ್ಕೆ ಒಂದು. ಒಂದು ಪದರದ ದುರ್ಬಲತೆಯನ್ನು ಇನ್ನೊಂದರ ಬಲ ಮುಚ್ಚುತ್ತದೆ. ಸಾಲುಸಾಲಾದ ಹೊಲಿಗೆಯು ಎಳೆತವನ್ನು ಎಲ್ಲ ಪದರಗಳಿಗೂ ಹಂಚುತ್ತದೆ. ಹಲವು ಸಲ ಒಗೆದ ಹತ್ತಿಯಲ್ಲಿ ಗಂಜಿಯೂ ಬಿರುಸೂ ಹೋಗಿ, ಎಳೆಗಳ ತುದಿ ಬಿಚ್ಚಿಕೊಂಡಿರುವುದರಿಂದ ಅದು ಮೆತ್ತಗಾಗಿ ಮೈಗೆ ಒಗ್ಗುತ್ತದೆ.

ಇನ್ನು ಬಟ್ಟೆಯ ಆಯ್ಕೆ. ಬಿಡುವಿನ ವೇಳೆಯಲ್ಲಿ ಹವ್ಯಾಸಕ್ಕಾಗಿ ಕೌದಿ ಹೊಲಿಯುವವರು ಈಗ ಮನೆಯ ಬಟ್ಟೆಗಳನ್ನಷ್ಟೇ ನೆಚ್ಚಿಲ್ಲ. ಸಂತೆಯ ಹಳೆಬಟ್ಟೆಯ ರಾಶಿ, ದರ್ಜಿಯ ಅಂಗಡಿಯ ಚೂರು, ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಉಳಿಯುವ ತುಂಡುಗಳು, ಹೀಗೆ ಹಲವು ಕಡೆಗಳಿಂದ ಅಗ್ಗವಾಗಿ ಆರಿಸಿ ತರುತ್ತಾರೆ. ಆರಿಸುವ ಆನಂದ ದೊಡ್ಡದು. ಆದರೆ ಅಲ್ಲಿಯೇ ಎಚ್ಚರವೂ ಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಹಳೆಯ ಬಟ್ಟೆ ಎಂದರೆ ಬಹುಮಟ್ಟಿಗೆ ಹತ್ತಿಯೇ. ಇಂದಿನ ರಾಶಿಯಲ್ಲಿ ಪಾಲಿಯೆಸ್ಟರ್ ಮತ್ತು ಅದರ ಮಿಶ್ರಣ ಧಾರಾಳವಾಗಿ ಸೇರಿರುತ್ತವೆ.

ಹತ್ತಿಯು ಸಾಧಾರಣ ತೇವದ ಹವೆಯಲ್ಲಿ ತನ್ನ ತೂಕದ ನೂರಕ್ಕೆ 8ರಷ್ಟು ನೀರಿನ ಆವಿಯನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ನೂರಕ್ಕೆ ಅರ್ಧದಷ್ಟನ್ನೂ ಹೀರದು. ಪಾಲಿಯೆಸ್ಟರ್ ಹೊದಿಕೆಯೊಳಗೆ ಮೈ ಜಿಗುಟೆನಿಸುವುದಕ್ಕೆ ಇದು ಕಾರಣ. ಇದಕ್ಕಿಂತ ಗುರುತರವಾದುದು ಬೆಂಕಿಯ ಭಯ. ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ, ಒಳಗೊಳಗೇ ಕನಲುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟಿ ಆಳವಾದ ಸುಟ್ಟಗಾಯವನ್ನುಂಟುಮಾಡುತ್ತದೆ. ಎರಡೂ ಬೆರೆತಲ್ಲಿ ಹತ್ತಿಯು ದೀಪದ ಬತ್ತಿಯಂತೆ ಕರಗಿದ ಪಾಲಿಯೆಸ್ಟರನ್ನು ಹಿಡಿದಿಟ್ಟು ಉರಿಸುತ್ತದೆ. ಒಲೆಯ ಬಳಿ, ದೀಪದ ಬಳಿ ಮಲಗುವ ಮನೆಗಳಲ್ಲಿ ಇದು ಪ್ರಾಣದ ಮಾತು. ಆದುದರಿಂದ ಯಾವ ಕೌದಿಯನ್ನೂ ಬೆಂಕಿಯಿಂದ ದೂರವಿಡಬೇಕು. ಬೆರಕೆ ಬಟ್ಟೆಯದನ್ನಂತೂ ಇನ್ನೂ ದೂರ.

ಬಟ್ಟೆಯನ್ನು ಗುರುತಿಸುವುದು ಹೇಗೆ? ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ, ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಸುಟ್ಟ ಕಾಗದದ ವಾಸನೆ ಬಂದು ಮೃದುವಾದ ಬೂದಿ ಉಳಿದರೆ ಹತ್ತಿ. ಸುಟ್ಟ ಕೂದಲಿನ ವಾಸನೆಯಾದರೆ ರೇಷ್ಮೆ ಅಥವಾ ಉಣ್ಣೆ. ಮುದುಡಿ ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಇಲ್ಲವೆ ನೈಲಾನ್. ಬೂದಿಯೂ ಮಣಿಯೂ ಒಟ್ಟಿಗೆ ಕಂಡರೆ ಬೆರಕೆ. ಬಟ್ಟೆಯ ಮೇಲೆ ನೀರಿನ ಹನಿ ಹಾಕಿ ನೋಡುವುದೂ ಉಂಟು. ಒಗೆದ ಹತ್ತಿ ಹನಿಯನ್ನು ಥಟ್ಟನೆ ಹೀರುತ್ತದೆ. ಆದರೆ ಇದೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಬಿಸಿಲಿಗೆ ಹಿಡಿದರೆ ಸವೆದ ಭಾಗ ಬೆಳಕನ್ನು ಹೆಚ್ಚು ಬಿಡುವುದರಿಂದ ಜೀರ್ಣವಾದ ಜಾಗ ತಿಳಿಯುತ್ತದೆ. ಒದ್ದೆ ಬಿಳಿಯ ಬಟ್ಟೆಯಿಂದ ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ಗೊತ್ತಾಗುತ್ತದೆ. ಹೊಸ ತುಂಡನ್ನು ಸೇರಿಸುವುದಾದರೆ ಮೊದಲೇ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ. ಜೀನ್ಸ್ ಬಟ್ಟೆ ಬಾಳಿಕೆಗೆ ಒಳ್ಳೆಯದು. ಆದರೆ ಅದರ ನೇಯ್ಗೆ ಒತ್ತಾದುದರಿಂದ ತೂಕಕ್ಕೆ ತಕ್ಕಷ್ಟು ಗಾಳಿಯನ್ನು ಹಿಡಿಯದು. ಹೊದೆಯುವುದಕ್ಕಿಂತ ಹಾಸುವ ಕೌದಿಗೆ ತಕ್ಕದ್ದು.

ಕೌದಿಯನ್ನು ಬಿಸಿಲಿಗೆ ಹಾಕುವ ಪದ್ಧತಿಯೂ ಸಕಾರಣವಾದುದು. ಒದ್ದೆಯಾದ ಕೌದಿಯಲ್ಲಿ ಗಾಳಿಯ ಜಾಗವನ್ನು ನೀರು ಹಿಡಿದಿರುತ್ತದೆ. ಅದು ಶಾಖವನ್ನು ವೇಗವಾಗಿ ಸಾಗಿಸುವುದಲ್ಲದೆ, ಆವಿಯಾಗುವಾಗ ಪ್ರತಿ ಕಿಲೋಗ್ರಾಮಿಗೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಮೈಯಿಂದ ಕೀಳುತ್ತದೆ. ಕೂಸುಗಳ ವಿಷಯದಲ್ಲಿ ಇದನ್ನು ಮರೆಯಬಾರದು. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚು; ಕೂಸು ಬೇಗ ತಣ್ಣಗಾಗುತ್ತದೆ. ಒದ್ದೆಯಾದೊಡನೆ ಕೌದಿಯನ್ನು ಬದಲಿಸಬೇಕು. ಕೂಸಿನ ಮುಖದ ಮೇಲೆ ಅದು ಎಂದಿಗೂ ಬರಬಾರದು.

ವಿದ್ಯಾರ್ಥಿಗಳು ಈ ಸಂಗತಿಗಳನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಲೋಟಗಳಲ್ಲಿ ಸಮಪ್ರಮಾಣದ ಬಿಸಿನೀರು ತುಂಬಿರಿ. ಒಂದಕ್ಕೆ ನಾಲ್ಕು ಪದರ ಹಳೆಯ ಬಟ್ಟೆಯನ್ನು ಸಡಿಲವಾಗಿಯೂ, ಎರಡನೆಯದಕ್ಕೆ ಅದೇ ಬಟ್ಟೆಯನ್ನು ದಾರದಿಂದ ಬಿಗಿದೂ, ಮೂರನೆಯದಕ್ಕೆ ನೀರಿನಲ್ಲಿ ಅದ್ದಿ ಹಿಂಡಿಯೂ ಸುತ್ತಿರಿ. ಐದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದು ನಕ್ಷೆ ಎಳೆಯಿರಿ. ಮೂರು ರೇಖೆಗಳು ಬೇರೆಬೇರೆ ದಾರಿಯಲ್ಲಿ ಇಳಿಯುವುದು ಕಾಣುತ್ತದೆ.

ಕೊನೆಯದಾಗಿ ಇನ್ನೊಂದು ಲೆಕ್ಕ. ಮೇಲೆ ಹೇಳಿದ ಅಳತೆಯ ಕೌದಿಗೆ ಎರಡು ಸೆಂಟಿಮೀಟರಿಗೊಂದರಂತೆ ಉದ್ದುದ್ದಕ್ಕೆ ಸಾಲು ಹಾಕಿದರೆ 75 ಸಾಲುಗಳು, ಒಟ್ಟು 150 ಮೀಟರ್ ಹೊಲಿಗೆ. ಸೆಂಟಿಮೀಟರಿಗೆ ಒಂದು ಹೊಲಿಗೆಯೆಂದರೂ 15,000 ಸಲ ಸೂಜಿ ಹೊಕ್ಕು ಹೊರಬರಬೇಕು. ಒಂದಕ್ಕೆ ನಾಲ್ಕು ಸೆಕೆಂಡಿನಂತೆ 60,000 ಸೆಕೆಂಡು, ಅಂದರೆ ಬಿಡುವಿಲ್ಲದ ಹದಿನಾರು ಗಂಟೆಗೂ ಹೆಚ್ಚು ಕಾಲ. ಇದರಲ್ಲಿ ಬಟ್ಟೆ ಆರಿಸಿದ, ಒಗೆದ, ಕತ್ತರಿಸಿದ, ಪದರ ಜೋಡಿಸಿದ ವೇಳೆ ಸೇರಿಲ್ಲ. ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರೊಡನೆ ಕೂಲಿಗಾಗಿ ಚೌಕಾಸಿ ಮಾಡುವವರು "ಬಟ್ಟೆ ನಮ್ಮದೇ, ದಾರವೂ ನಮ್ಮದೇ" ಎನ್ನುವುದುಂಟು. ಅವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಿ, ಆಮೇಲೆ ಕೂಲಿಯ ಮಾತನ್ನಾಡುವುದು ನ್ಯಾಯ.