ಗಲ್ಫ್ ದುಡ್ಡು, ಕುಷ್ಟಗಿಯ ಕೂಲಿ, ಗಂಗಾವತಿಯ ಗದ್ದೆ

ಮಂಗಳೂರು, ಉಳ್ಳಾಲ, ಬಂಟ್ವಾಳದ ಕಡೆ ಮನೆ ಕಟ್ಟುವಲ್ಲಿ ಕೆಲಸದವರ ಊರು ಕೇಳಿ ನೋಡಿ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ಎನ್ನುವವರು ಸಿಗುತ್ತಾರೆ. ಮಳೆ ನಂಬಿದ ಒಣಭೂಮಿ ಬಿಟ್ಟು ದುಡಿಯಲು ಬಂದವರು. ನಮ್ಮ ಹುಡುಗ ದಮ್ಮಾಮಿನಿಂದ ಕಳಿಸಿದ ರಿಯಾಲ್ ಇಲ್ಲಿ ಗೋಡೆಯಾಗುತ್ತದೆ, ಆ ಗೋಡೆಯ ಕೂಲಿ ಕುಷ್ಟಗಿಯಲ್ಲಿ ಜೋಳವಾಗುತ್ತದೆ. ಹೊರದೇಶದ ಹಣದಿಂದ ಹೀಗೆ ದೂರದ ಒಲೆಯೂ ಉರಿಯುತ್ತದೆ. ಅಲ್‌ಹಮ್ದುಲಿಲ್ಲಾಹ್.

ಆದರೆ ಹಣ ಬಂದಷ್ಟು ಬೇಗ ಭೂಮಿ ಹೆಚ್ಚುವುದಿಲ್ಲ. ಜಾಗದ ರೇಟು ಮಾತ್ರ ಏರುತ್ತದೆ. ಗಲ್ಫಿನಲ್ಲಿ ಯಾರೂ ಇಲ್ಲದ, ಬೀಡಿ ಕಟ್ಟಿ ಬದುಕುವ ಮನೆಯವರಿಗೆ ಐದು ಸೆಂಟ್ಸ್ ಜಾಗವೂ ಕೈಗೆಟುಕುವುದಿಲ್ಲ.

ದೇಶಗಳ ಕಥೆಯೂ ಇದೇ. 1990ರ ದಶಕದಲ್ಲಿ ಥಾಯ್ಲೆಂಡಿಗೆ ವಿದೇಶಿ ಸಾಲ ಹರಿದು ಬಂತು. ಬಹಳಷ್ಟು ಬ್ಯಾಂಕಾಕಿನ ಜಾಗಕ್ಕೆ, ಕಟ್ಟಡಕ್ಕೆ ಹೋಯಿತು. ಕೊಟ್ಟವರಿಗೆ ಸಂಶಯ ಬಂದು ಹಣ ವಾಪಸ್ ಎಳೆದರು. ಡಾಲರಿಗೆ ಸುಮಾರು 25 ಬಾತ್ ಎಂದು ಹಿಡಿದಿಟ್ಟಿದ್ದ ದರವನ್ನು 1997ರ ಜುಲೈ 2ರಂದು ಕೈಬಿಡಬೇಕಾಯಿತು. ಮುಂದಿನ ಜನವರಿಯಲ್ಲಿ ಅದು 50 ದಾಟಿತ್ತು. ಕಟ್ಟಡಗಳು ಅರ್ಧಕ್ಕೆ ನಿಂತವು, ಕೂಲಿಯವರು ಹಳ್ಳಿಗೆ ಮರಳಿದರು.

ಗಲ್ಫಿನ ಹಣ ಸಾಲವಲ್ಲ, ಬೆವರಿನದ್ದು. ಆದರೂ ಅದು ಹೇಳಿಕೇಳಿ ನಿಲ್ಲುವುದಿಲ್ಲ. 1990ರ ಕುವೈತ್ ಯುದ್ಧ, 2013ರ ಸೌದಿಯ ನಿತಾಕತ್, 2020ರ ಕೊರೋನ, ಮೂರನ್ನೂ ಕಂಡವರು ನಾವು. ಇಲ್ಲಿ ಮನೆ ಕೆಲಸ ನಿಂತರೆ ಕುಷ್ಟಗಿಯವನ ಕೂಲಿಯೂ ನಿಂತಿತು.

ಅದೇ ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಬೇರೆ ಪಾಠ ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ, ಕರಾವಳಿ ಆಂಧ್ರದ ರೈತರು ತಮ್ಮೂರಿನ ಜಮೀನು ಮಾರಿ ಬಂದು ಇಲ್ಲಿ ಅಗ್ಗದ ಒಣಭೂಮಿ ಕೊಂಡರು. ಅವರ 'ಕ್ಯಾಂಪ್'ಗಳು ಇಂದಿಗೂ ಇವೆ. ಆ ಹಣ ಗದ್ದೆಯಾಯಿತು, ರೈಸ್‌ಮಿಲ್ಲಾಯಿತು. ಗಂಗಾವತಿ ಭತ್ತದ ಕಣಜವಾಯಿತು. ಹಾಗಂತ ಎಲ್ಲರಿಗೂ ಒಳ್ಳೆಯದಾಯಿತು ಅಂತಲ್ಲ. ಭೂಮಿ ಮಾರಿದ ಸ್ಥಳೀಯರಲ್ಲಿ ಹಲವರು ಅದೇ ಗದ್ದೆಗಳಲ್ಲಿ ಕೂಲಿಯಾದರು.

ಹೊರಗಿನಿಂದ ಬಂದ ಹಣ ದುಡಿಯುವ ಜಾಗಕ್ಕೆ ಹೋದರೆ ಉಳಿಯುತ್ತದೆ. ಮಾರ್ಬಲ್ಲಿಗೆ, ಮದುವೆಯ ಆಡಂಬರಕ್ಕೆ ಹೋದರೆ ಮುಗಿಯುತ್ತದೆ. ಯೂಸುಫ್(ಅ) ಏಳು ವರ್ಷದ ಸಮೃದ್ಧಿಯಲ್ಲೇ ಬರಗಾಲಕ್ಕೆ ಧಾನ್ಯ ಕೂಡಿಡಿಸಿದರು. ಖದೀಜಾ(ರ) ತಮ್ಮ ಬಂಡವಾಳವನ್ನು ನಂಬಿಗಸ್ತರ ಕೈಗೆ ಕೊಟ್ಟು ವ್ಯಾಪಾರ ಮಾಡಿಸಿದರು. ಗಲ್ಫಿನಿಂದ ಹಣ ಬಂದ ತಿಂಗಳು ಮೊದಲು ಒಂದು ಪಾಲು ಎತ್ತಿಡಿ. ಊರಿನ ಪ್ರಾಮಾಣಿಕ ಹುಡುಗನ ಅಂಗಡಿಗೋ ವರ್ಕ್‌ಶಾಪಿಗೋ ಲಾಭನಷ್ಟದ ಪಾಲಿಗೆ ಹಾಕಿ. ಜಾಗವಿಲ್ಲದ ಬಡವರ ಸೂರಿಗೆ ಝಕಾತಿನಲ್ಲಿ ಪಾಲಿರಲಿ. ಕಟ್ಟುವ ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಿ.