ಹೊರದೇಶಕ್ಕೆ ಹೊರಟ ಮಗ, ಅಡವಿಗೆ ಹೊರಟ ಗದ್ದೆ

ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬೆಳಗಿನ ಬಸ್ಸು. ತೆಕ್ಕಲಕೋಟೆ ದಾಟಿತ್ತು. ಪಕ್ಕದ ಸೀಟಿನ ಹಿರಿಯರು ಒಂದು ಪ್ಲಾಸ್ಟಿಕ್ ಕವರನ್ನು ಹಸುಗೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದರು. ಒಳಗೆ ಪಹಣಿ, ಪಾಸ್‌ಬುಕ್ಕು, ಮಗನ ಮಾರ್ಕ್ಸ್ ಕಾರ್ಡು. ಮಾತಿಗೆ ಎಳೆದಾಗ ವಿಷಯ ಹೊರಬಿತ್ತು. ಮಗನನ್ನು ಡಾಕ್ಟರ್ ಓದಿಗೆ ಹೊರದೇಶಕ್ಕೆ ಕಳಿಸುತ್ತಿದ್ದಾರೆ.

“ಯಾವ ದೇಶ ಯಜಮಾನ್ರೆ?”

“ಹೆಸರು ಬಾಯಿಗೆ ಬರಂಗಿಲ್ಲ ತಮ್ಮ. ರಷ್ಯಾದ ಕಡೆ ಅಂತ. ಎಲ್ಲಾ ಏಜೆಂಟ್ ನೋಡ್ಕೊಂತಾನ.”

“ಕಾಲೇಜು ಯಾವುದು?”

“ಅದೂ ಏಜೆಂಟಿಗೇ ಗೊತ್ತು.”

“ದುಡ್ಡು ಕೊಟ್ಟೀರಾ?”

“ಸೀಟು ಹಿಡಿಯಾಕ ಐವತ್ತು ಸಾವಿರ ಕೊಟ್ಟೀನಿ. ರಸೀದಿ ಆಮೇಲೆ ಕೊಡ್ತೀನಿ ಅಂದಾನ.”

ಉಳಿದ ಹಣಕ್ಕೆ ಬ್ಯಾಂಕಿಗೆ ಹೋಗಿದ್ದರಂತೆ. ಅಲ್ಲಿ ಹೊಲ ಗದ್ದೆ ಬೇಡ, ಪಟ್ಟಣದಲ್ಲಿ ಮನೆ ಇದ್ದರೆ ಕಾಗದ ತನ್ನಿ ಎಂದರಂತೆ. ಮನೆ ಎಲ್ಲಿಂದ ಬರಬೇಕು? ಈಗ ಬಳ್ಳಾರಿಯ ಸಾವುಕಾರರೊಬ್ಬರ ಹತ್ತಿರ ಹೊರಟಿದ್ದಾರೆ. ಕಾಲುವೆ ಕೆಳಗಿನ ನಾಲ್ಕು ಎಕರೆ ಭತ್ತದ ಗದ್ದೆ ಅಡವು, ಹತ್ತು ಲಕ್ಷ ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ.

ಅಂಗಡಿ ಇಟ್ಟವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳಿಗೆ 20 ಸಾವಿರ ಬಡ್ಡಿ. ಆರು ವರ್ಷಕ್ಕೆ ಬಡ್ಡಿಯೇ 14 ಲಕ್ಷ 40 ಸಾವಿರ. ಅಸಲು ಹಾಗೇ ನಿಂತಿರುತ್ತದೆ!

ಒಂದು ಚೀಲ ಭತ್ತ ತೂಗುವಾಗ ಕಾಟಾವನ್ನು ಎರಡು ಸಲ ನೋಡುವ ಮನುಷ್ಯ ಇವರು. ಮಗನ ಆರು ವರ್ಷವನ್ನು ಮಾತ್ರ ಬಾಯಿಮಾತಿನ ಮೇಲೆ ಬಿಟ್ಟಿದ್ದಾರೆ. ಇಂಥವರು ಇವರೊಬ್ಬರೇ ಅಲ್ಲ. ಅದಕ್ಕೇ ಈ ಬರಹ.

ಈ ವರದಿಗಾರ ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ವಿಮಾನ ತಲೆ ಮೇಲೆ ಹೋಗುವುದನ್ನು ನೋಡಿದ್ದಾನೆ, ಹತ್ತಿದ್ದಿಲ್ಲ. ಆದರೆ ಕಾಗದ ಓದುವುದು, ಕಾಗದ ಕೇಳುವುದು ನಮ್ಮ ಕಸುಬು. ಹೊರದೇಶದ ಓದಿನಲ್ಲಿ ಮಕ್ಕಳನ್ನು ಕಾಯುವುದೂ ಕಾಗದವೇ.

ಮೊದಲು ಮನೆ ಬಾಗಿಲು ನೋಡಿ

ನಮ್ಮ ಜಿಲ್ಲೆಗೆ ಸಂವಿಧಾನದ 371(ಜೆ) ಕಲಂ ಅನ್ವಯಿಸುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳಲ್ಲಿ ನೂರಕ್ಕೆ 70 ಇಲ್ಲಿನವರಿಗೆ. ರಾಜ್ಯದ ಉಳಿದ ಕಡೆ ನೂರಕ್ಕೆ 8. ಇದಕ್ಕೆ ಬೇಕಾದ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿ ಕೊಡುತ್ತದೆ. ಆ ಪತ್ರ ಮಾಡಿಸದೆ, ಕೌನ್ಸೆಲಿಂಗ್‌ನ ಕೊನೆ ಸುತ್ತು ಮುಗಿಯುವವರೆಗೂ ಕಾಯದೆ ಏಜೆಂಟರ ಬಾಗಿಲಿಗೆ ಓಡುವವರಿದ್ದಾರೆ. ಊರ ಬಾವಿ ನೋಡದೆ ಪರಊರಿನ ನೀರಿಗೆ ಕೊಡ ಹಿಡಿದ ಹಾಗೆ.

ಹೊರಡಲೇಬೇಕು ಎಂದಾದರೆ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ರಾಜ್ಯದ ‘ಪ್ರಬುದ್ಧ’ ವಿದ್ಯಾರ್ಥಿವೇತನದ ಈ ವರ್ಷದ ನಿಯಮವನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಲಿ. ಹಿಂದುಳಿದವರು, ಅಲ್ಪಸಂಖ್ಯಾತರು ತಮ್ಮ ತಮ್ಮ ನಿಗಮದ ಕಚೇರಿಯಲ್ಲಿ ವಿಚಾರಿಸಲಿ. ಸಾವುಕಾರರ ಮನೆ ಮೆಟ್ಟಿಲು ಕೊನೆಯದಾಗಲಿ.

ಡಿಗ್ರಿ ಬಂದ ಮೇಲೂ ಡಾಕ್ಟರ್ ಅಲ್ಲ!

ವೈದ್ಯಕೀಯಕ್ಕೆ ಹೋಗುವವರು ಇದನ್ನು ಎರಡು ಸಲ ಓದಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಹೀಗಿದೆ: ಓದು ಕಡಿಮೆಯೆಂದರೆ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲೇ ಇರಬೇಕು. ಅದೇ ಕಾಲೇಜಿನಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಆಗಬೇಕು. ಸೇರಿದ ದಿನದಿಂದ 10 ವರ್ಷದೊಳಗೆ ಎಲ್ಲ ಮುಗಿಯಬೇಕು. ಆ ದೇಶದವರಂತೆಯೇ ಅಲ್ಲಿ ವೈದ್ಯವೃತ್ತಿ ಮಾಡುವ ಅರ್ಹತೆ ಸಿಗಬೇಕು. ಇಲ್ಲಿಂದ ಹೊರಡುವ ಮೊದಲೇ ನೀಟ್ ಪಾಸಾಗಿರಬೇಕು.

ಮರಳಿ ಬಂದ ಮೇಲೆ ಎಫ್‌ಎಂಜಿಇ ಎಂಬ ಪರೀಕ್ಷೆ ಕಾದಿರುತ್ತದೆ. 300 ಪ್ರಶ್ನೆ, 150 ಸರಿ ಬರಬೇಕು. 2024ರಲ್ಲಿ ಎರಡು ಸಲ ಈ ಪರೀಕ್ಷೆ ನಡೆಯಿತು. ಎರಡರಲ್ಲೂ ಪಾಸಾದವರು ನೂರಕ್ಕೆ ಮೂವತ್ತು ಮುಟ್ಟಲಿಲ್ಲ. ಪಾಸಾದ ಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಷಿಪ್. ಬಡ್ಡಿ ಎಣಿಸುವವರು ಈ ತಿಂಗಳುಗಳನ್ನೂ ಸೇರಿಸಿ ಎಣಿಸಲಿ.

“ನಮ್ದು ಎನ್‌ಎಂಸಿ ಅಪ್ರೂವ್ಡ್ ಕಾಲೇಜು” ಎಂದು ಯಾರಾದರೂ ಬೋರ್ಡು ಹಾಕಿದ್ದರೆ ಅಲ್ಲೇ ಹುಷಾರಾಗಿ. ಆಯೋಗ ಹೊರದೇಶದ ಕಾಲೇಜುಗಳಿಗೆ ಅಂಥ ಅಪ್ರೂವಲ್ ಕೊಡುವುದಿಲ್ಲ.

ಏಜೆಂಟ್ ಯಾರು?

ಹೊರದೇಶದ ಕೆಲಸಕ್ಕೆ ಆಳು ಕಳಿಸುವ ಏಜೆಂಟಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಬೇಕು. ಓದಿಗೆ ಕಳಿಸುವವರಿಗೆ ಆ ಕಾಯ್ದೆ ಹಾಗೆ ಕೇಳುವುದಿಲ್ಲ. ಒಂದು ಟೇಬಲ್ಲು, ಗೋಡೆ ಮೇಲೊಂದು ವಿಮಾನದ ಚಿತ್ರ ಇದ್ದರೆ ಆಯಿತು, ಕನ್ಸಲ್ಟೆನ್ಸಿ! ನ್ಯಾಯವಾಗಿ ನಡೆಸುವವರೂ ಇದ್ದಾರೆ, ಇಲ್ಲವೆಂದಲ್ಲ. ಅವರು ಕಾಗದ ಕೇಳಿದರೆ ಬೇಸರಪಡುವುದಿಲ್ಲ. ಗುರುತು ಅದೇ. 2023ರಲ್ಲಿ ಕೆನಡಾದಲ್ಲಿ ಪಂಜಾಬಿನ ಎಷ್ಟೋ ಮಕ್ಕಳ ಕೈಯಲ್ಲಿದ್ದ ಪ್ರವೇಶಪತ್ರವೇ ಖೋಟಾ ಎಂದು ಬಯಲಾಗಿ, ಗಡೀಪಾರಿನ ಭಯ ಎದುರಾಯಿತು.

ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗಳು ಮಾಡಿದ್ದು ನೋಡಿ. ಏಜೆಂಟ್ ಜರ್ಮನಿಯ ಕಾಲೇಜಿಗೆ “ಸೀಟ್ ಚಾರ್ಜ್” ಕೇಳಿದ. ಹುಡುಗಿ ಅವನಿಗೆ ಏನೂ ಹೇಳಲಿಲ್ಲ. ಕಾಲೇಜಿನ ಸ್ವಂತ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೆ ನಾಲ್ಕು ಸಾಲು ಇಮೇಲ್ ಬರೆದಳು. ಎರಡು ದಿನಕ್ಕೆ ಉತ್ತರ ಬಂತು: ಅಂಥ ಶುಲ್ಕ ನಮ್ಮಲ್ಲಿಲ್ಲ. ಖರ್ಚು ಒಂದು ಪೈಸೆ ಇಲ್ಲ. ಅಪ್ಪ ಈಗ ಅಂಗಡಿಗೆ ಬಂದವರಿಗೆಲ್ಲ ಆ ಉತ್ತರ ತೋರಿಸುತ್ತಾರೆ.

ಫೀಸನ್ನು ಕಾಲೇಜಿನ ಹೆಸರಿನ ಖಾತೆಗೆ ಬ್ಯಾಂಕಿನಿಂದಲೇ ಕಳಿಸಿ. ಮನೆಯ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕು ತೆರಿಗೆ ಹಿಡಿಯುತ್ತದೆ. ರಿಟರ್ನ್ ಹಾಕಿದರೆ ಅದು ಲೆಕ್ಕಕ್ಕೆ ಸಿಗುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ 2025ರ ಏಪ್ರಿಲ್‌ನಿಂದ ಹಾಗೆ ಹಿಡಿಯುವುದಿಲ್ಲ.

ಹೆಸರಿನ ಗೋಳು

ನಮ್ಮ ಕಡೆ ಹೆಸರಿಗೆ ಮನೆತನದ ಬಾಲ ಕಡಿಮೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ‘ಎರ್ರಿಸ್ವಾಮಿ ಕೆ.’, ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿ ಉದ್ದ, ಪಾಸ್‌ಪೋರ್ಟಿನಲ್ಲಿ ಬರೀ ‘ಎರ್ರಿಸ್ವಾಮಿ’. ಊರಲ್ಲಿ ಮೂವರೂ ಒಬ್ಬನೇ. ವೀಸಾ ಕೊಡುವವರಿಗೆ ಮೂವರು! 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಿತು. ಪಾಸ್‌ಪೋರ್ಟ್ ಅರ್ಜಿ ಹಾಕುವ ಮುಂಚೆಯೇ ಇನಿಷಿಯಲ್ ಬಿಡಿಸಿ, ಎಲ್ಲ ಕಾಗದದಲ್ಲೂ ಒಂದೇ ಹೆಸರು ಮಾಡಿಸಿಕೊಳ್ಳಿ. ಆಮೇಲೆ ತಿದ್ದಲು ಹೋದರೆ ತಿಂಗಳುಗಳು ಹೋಗುತ್ತವೆ, ಕಾಲೇಜು ಕಾಯುವುದಿಲ್ಲ.

ಮಾರ್ಕ್ಸ್ ಕಾರ್ಡಿಗೆ ಅಪೊಸ್ಟಿಲ್ ಮುದ್ರೆ ಬೇಕೇ ಎಂದೂ ಮೊದಲೇ ಕೇಳಿ. ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯ ಮುದ್ರೆ. ಒಂದೇ ದಿನದ ಕೆಲಸ ಅಲ್ಲ.

ಮೂಲ ಕಾಗದಗಳು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಎಲ್ಲದರ ಒಂದೊಂದು ಪ್ರತಿ ಮನೆಯಲ್ಲಿರಲಿ. ಅವ್ವ ಕಟ್ಟಿಕೊಟ್ಟ ಖಾರದ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವವರು ಆ ದೇಶದ ನಿಯಮ ನೋಡಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥ ಇದೆ ಎಂದು ಫಾರಂನಲ್ಲಿ ಬರೆಯದಿದ್ದರೆ ದಂಡ. ಬರೆದರೆ ನೋಡಿ ಬಿಡುತ್ತಾರೆ, ಇಲ್ಲ ಇಟ್ಟುಕೊಳ್ಳುತ್ತಾರೆ, ಅಷ್ಟೆ. ಮಾತ್ರೆಗೆ ಡಾಕ್ಟರ ಚೀಟಿ ಜೊತೆಗಿರಲಿ.

ದುಡಿದು ಓದ್ತಾನೆ ಅನ್ನೋ ಮಾತು

“ಅಲ್ಲೇ ಪಾರ್ಟ್‌ಟೈಮ್ ದುಡಿದು ಫೀಸು ಕಟ್ಕೊಂತಾನ.” ಇದು ಏಜೆಂಟರ ಬಾಯಲ್ಲಿ ದಿನಾ ಇರುವ ಮಾತು. ನಿಜ ಏನು? ಬ್ರಿಟನ್ನಿನಲ್ಲಿ ಡಿಗ್ರಿ ಓದುವವರು ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಕೆನಡಾದಲ್ಲಿ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಹದಿನೈದು ದಿನಕ್ಕೆ 48 ಗಂಟೆ. ಅಮೆರಿಕದಲ್ಲಿ ಮೊದಲ ವರ್ಷ ಕಾಲೇಜಿನ ಆವರಣ ಬಿಟ್ಟು ಹೊರಗೆ ದುಡಿಯುವಂತಿಲ್ಲ. ಕದ್ದು ಜಾಸ್ತಿ ದುಡಿದು ಸಿಕ್ಕಿಬಿದ್ದರೆ ವೀಸಾಕ್ಕೇ ಸಂಚಕಾರ. ಅದರಲ್ಲಿ ಊಟ, ಬಸ್ಸಿನ ಖರ್ಚು ಹುಟ್ಟೀತು. ಫೀಸು ಹುಟ್ಟುವುದಿಲ್ಲ.

ಅಲ್ಲಿ ಬದುಕಲು ಎಷ್ಟು ಬೇಕು ಎಂಬುದಕ್ಕೆ ಆಯಾ ಸರ್ಕಾರದ್ದೇ ಲೆಕ್ಕವಿದೆ. ಜರ್ಮನಿ 2024ರಲ್ಲಿ ನಿಗದಿ ಮಾಡಿದ್ದು ವರ್ಷಕ್ಕೆ 11,904 ಯೂರೋ. ಅಷ್ಟು ಹಣ ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. ಏಜೆಂಟ್ ಹೇಳುವ ಖರ್ಚನ್ನು ಇಂಥ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಬಂಡವಾಳ ತಿಳಿಯುತ್ತದೆ.

ರೂಮನ್ನು ಫೋಟೋ ನೋಡಿ ಹಿಡಿಯಬೇಡಿ. ಮೊದಲ ತಿಂಗಳು ಹಾಸ್ಟೆಲ್ ಇರಲಿ. ಮುಂಗಡ ಕೊಟ್ಟರೆ ಕರಾರುಪತ್ರ ಕೇಳಿ. ಆರೋಗ್ಯ ವಿಮೆ ಇಲ್ಲದೆ ಒಂದು ದಿನವೂ ಇರಬೇಡಿ. ಒಂದು ಸಲ ಆಸ್ಪತ್ರೆಗೆ ಸೇರಿದರೆ ಇಲ್ಲಿ ಒಂದು ಬೆಳೆಯ ದುಡ್ಡು ಹೋದೀತು.

ಮನೆಯಲ್ಲಿರುವವರಿಗೂ ಒಂದು ಮಾತು. “ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಕೂಡಲೇ ಹಣ ಹಾಕಿ” ಎಂದು ಫೋನ್ ಬರಬಹುದು. ಮಗನದೇ ದನಿಯಲ್ಲಿ ಬರಬಹುದು, ಈಗ ಆ ವಿದ್ಯೆಯೂ ಇದೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅಜ್ಜನ ಎತ್ತಿನ ಹೆಸರೇನು ಎಂದು ಕೇಳಿ. ಹೇಳದಿದ್ದರೆ ಫೋನ್ ಇಡಿ, ಮಗನ ನಂಬರಿಗೆ ನೀವೇ ಮಾಡಿ.

ಚಳಗೇರಿಯನ್ನು ಮರೆಯಬೇಡಿ

ಇಷ್ಟೆಲ್ಲ ಸರಿಯಿದ್ದರೂ ಕೆಟ್ಟ ಕಾಲ ಹೇಳಿಕೇಳಿ ಬರುವುದಿಲ್ಲ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ತಿನ್ನುವ ಸಾಮಾನಿಗೆ ಅಂಗಡಿ ಮುಂದೆ ನಿಂತಿದ್ದಾಗ ದಾಳಿಯಲ್ಲಿ ಸತ್ತ. ಪಿಯುಸಿಯಲ್ಲಿ 97 ಪರ್ಸೆಂಟ್ ಬಂದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಅಂದು ಸಂಕಟದಲ್ಲಿ ಹೇಳಿಕೊಂಡರು. ಶವ ಊರಿಗೆ ಬರಲು ಮಾರ್ಚ್ 21 ಆಯಿತು. ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಡಾಕ್ಟರಾಗಬೇಕಿದ್ದ ಹುಡುಗ ಬೇರೆ ಮಕ್ಕಳಿಗೆ ಪಾಠವಾದ.

ಆ ಹುಡುಗನದು ಯಾವ ತಪ್ಪೂ ಇರಲಿಲ್ಲ. ಉಳಿದವರು ಕಲಿಯಬೇಕಾದ್ದು ಬೇರೆ ಇದೆ. ಕೀವ್‌ನ ಭಾರತೀಯ ರಾಯಭಾರ ಕಚೇರಿ ಫೆಬ್ರವರಿ 15ರಂದೇ, ಇರಲೇಬೇಕೆಂದಿಲ್ಲದ ವಿದ್ಯಾರ್ಥಿಗಳು ಸದ್ಯ ಹೊರಡುವುದು ಒಳ್ಳೆಯದು ಎಂದಿತ್ತು. ಯುದ್ಧ ಶುರುವಾದದ್ದು 24ರಂದು. ನಡುವೆ ಒಂಬತ್ತು ದಿನ. ಹಾಜರಿ ತಪ್ಪುತ್ತೆ, ಟಿಕೆಟ್ ದುಬಾರಿ, ಅಪ್ಪನಿಗೆ ಮತ್ತೆ ದುಡ್ಡು ಕೇಳೋದು ಹೇಗೆ ಎಂದು ಎಷ್ಟೋ ಮಕ್ಕಳು ಕಾದರು. ಆಮೇಲೆ ‘ಆಪರೇಷನ್ ಗಂಗಾ’ ಕಾಲದಲ್ಲಿ ಸುಮಾರು 22,500 ಮಂದಿ ಮರಳಿದರು. ಗಡಿವರೆಗೆ ಹಿಮದಲ್ಲಿ ನಡೆದವರೂ ಅವರಲ್ಲಿದ್ದರು.

ಆದ್ದರಿಂದ ಮೂರು ಕೆಲಸ. ಒಂದು: ಹೋದ ವಾರದಲ್ಲೇ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ, ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸುವುದು. ಎರಡು: ಪಾಸ್‌ಪೋರ್ಟನ್ನು ಏಜೆಂಟಿಗಾಗಲಿ, ಹಾಸ್ಟೆಲಿನವರಿಗಾಗಲಿ ಇಟ್ಟುಕೊಳ್ಳಲು ಬಿಡದಿರುವುದು. ಮೂರು: ಮರಳುವ ಟಿಕೆಟ್ಟಿನ ಹಣವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡುವುದು. ಹೊರಡುವ ದಿನವೇ ಅಪ್ಪ ಅವ್ವ ಮಗನಿಗೆ ಹೇಳಿಬಿಡಲಿ: “ಕಚೇರಿಯವರು ಬಿಡು ಅಂದ್ರೆ ಬಿಟ್ಟು ಬಾ. ಫೀಸಿನ ಚಿಂತಿ ನಮಗಿರಲಿ.”

ಬಳ್ಳಾರಿಯಲ್ಲಿ ಇಳಿದೆವು

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಹಿರಿಯರ ಕೈಗೆ ಐದು ಪ್ರಶ್ನೆ ಬರೆದುಕೊಟ್ಟೆ. ಕಾಲೇಜಿನ ಪೂರ್ತಿ ಹೆಸರೇನು? ಓದು ಎಷ್ಟು ತಿಂಗಳು, ಯಾವ ಭಾಷೆ? ಇಂಟರ್ನ್‌ಷಿಪ್ ಅಲ್ಲೇ ಇದೆಯಾ? ಫೀಸು ಯಾರ ಖಾತೆಗೆ? ಕೊಟ್ಟ ಐವತ್ತು ಸಾವಿರಕ್ಕೆ ರಸೀದಿ ಯಾವಾಗ?

ಅಲ್ಲೇ ಕೂತು ಏಜೆಂಟಿಗೆ ಫೋನ್ ಹಚ್ಚಿದರು. ಎರಡನೇ ಪ್ರಶ್ನೆಗೇ ಅತ್ತಲಿನ ದನಿ ಬದಲಾಯಿತು. “ಹಿಂಗೆಲ್ಲಾ ಕೇಳ್ಕೊಂತ ಕೂತ್ರೆ ಸೀಟು ಬೇರೆಯವರಿಗೆ ಹೋಗ್ತದೆ ನೋಡ್ರಿ” ಎಂದ.

ಹಿರಿಯರು ಫೋನ್ ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಂದರು: “ಭತ್ತ ತಗಳ್ಳೋನು ತೂಕ ಬ್ಯಾಡ ಅಂದ್ರ ಚೀಲ ಇಳಿಸಬಾರದು, ತಮ್ಮ.”

ಸಾವುಕಾರರ ಮನೆಗೆ ಹೋಗಲಿಲ್ಲ. ಕವರ್ ಕಂಕುಳಲ್ಲಿ ಇಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದರು. ಪಹಣಿ ಅವರ ಹತ್ತಿರವೇ ಇದೆ. ಐವತ್ತು ಸಾವಿರ ಮಾತ್ರ ಇನ್ನೂ ಬಂದಿಲ್ಲ. ಮಗ ಈಗ ಒಬ್ಬನೇ ಕೂತು ಕಾಲೇಜುಗಳಿಗೆ ಇಮೇಲ್ ಬರೆಯುತ್ತಿದ್ದಾನಂತೆ. ಜಿಲ್ಲಾ ಆಡಳಿತದವರು ತಿಂಗಳಿಗೆ ಒಂದು ದಿನ ಇಂಥವರ ಕಾಗದ ನೋಡಿ ಹೇಳುವ ಒಬ್ಬ ತಿಳಿದವರನ್ನು ಕೂಡಿಸಿದರೆ ಖಜಾನೆಯೇನೂ ಬರಿದಾಗದು. ಎಷ್ಟೋ ಗದ್ದೆ ಉಳಿದಾವು. ಸಂಬಂಧಪಟ್ಟವರು ಗಮನಿಸುವರೇ?