ಕಾಡುಹಂದಿಯ ಬೇಟೆಯೂ ಬೇಟೆಗಾರನ ಶಿಕ್ಷಣವೂ

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ಕ್ರಿ.ಶ. 949-50ರ ಈ ಶಾಸನವು ತಕ್ಕೋಲದ ಯುದ್ಧವನ್ನು ಹೇಳುವುದರೊಡನೆ, ಗಂಗ ಬೂತುಗನ ಸೇವಕನಾದ ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚಾಗಿ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ವೃತ್ತಾಂತವನ್ನೂ ಹೇಳುತ್ತದೆ. ನಾಯಿ ಹಂದಿಗಳೆರಡನ್ನೂ ಕಲ್ಲಿನಲ್ಲಿ ಕಡೆದಿದ್ದಾರೆ. ಆ ಕಾಲದ ಹಂದಿಬೇಟೆಯಲ್ಲಿ ತಪ್ಪಿದ ಪೆಟ್ಟಿನ ಬೆಲೆಯನ್ನು ತೆರುತ್ತಿದ್ದವನು ಬೇಟೆಗಾರನೇ, ಇಲ್ಲವೇ ಅವನ ನಾಯಿ. ಈಟಿ ಗುರಿ ತಪ್ಪಿದರೆ ಕೋರೆ ಗುರಿ ತಪ್ಪುತ್ತಿರಲಿಲ್ಲ.

ಕೋವಿಯ ಕಾಲದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ತಪ್ಪು ಮಾಡುವವನೊಬ್ಬ, ಅದರ ಫಲವನ್ನುಣ್ಣುವವನು ಹಲವು ವೇಳೆ ಇನ್ನೊಬ್ಬ. ಪಕ್ಕದಲ್ಲಿ ನಿಂತ ಜೊತೆಗಾರನಾಗಬಹುದು, ಬೇಲಿಯಾಚೆ ಸೌದೆ ಕಡಿಯುತ್ತಿರುವವನಾಗಬಹುದು. ಕಾಡುಹಂದಿಯನ್ನು ಹೊಡೆಯಹೊರಟವನು ಮೊದಲು ಕ್ರಮವಾದ ಶಿಕ್ಷಣವನ್ನು ಪಡೆಯಬೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಬೇಟೆಗಾರನ ಹಕ್ಕಿನ ದೃಷ್ಟಿಯಿಂದಲೋ ರೈತನ ತೊಂದರೆಯ ದೃಷ್ಟಿಯಿಂದಲೋ ಚರ್ಚಿಸುತ್ತಾರೆ. ಈ ಮೂರನೆಯವನ ದೃಷ್ಟಿಯಿಂದ ನೋಡಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ ಎಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ಮೊದಲು ಪ್ರಾಣಿಯ ವಿಷಯ. ಹಂದಿಯು ಮುಸ್ಸಂಜೆಯಲ್ಲಿಯೂ ರಾತ್ರಿಯಲ್ಲಿಯೂ ಹೆಚ್ಚಾಗಿ ಸಂಚರಿಸುತ್ತದೆ. ಹಗಲಿನಲ್ಲಿ ದಟ್ಟವಾದ ಹಳುವಿನಲ್ಲಿ ಅಡಗಿರುತ್ತದೆ. ಅದರ ಹೃದಯವಿರುವುದು ಮುಂಗಾಲುಗಳ ನಡುವೆ, ಎದೆಯ ಕೆಳಭಾಗದಲ್ಲಿ. ನಮ್ಮ ದೇಶದ ಹಂದಿಗೆ ಬೆನ್ನುದ್ದಕ್ಕೂ ನಿಮಿರಿ ನಿಲ್ಲುವ ಬಿರುಗೂದಲಿರುವುದರಿಂದ ಮೈಯ ಎತ್ತರ ಇರುವುದಕ್ಕಿಂತ ಅಧಿಕವಾಗಿ ತೋರುತ್ತದೆ. ಆದಕಾರಣ ಅಭ್ಯಾಸವಿಲ್ಲದವನ ಗುಂಡು ಮರ್ಮಸ್ಥಾನದ ಮೇಲೆ ಹಾದುಹೋಗುತ್ತದೆ. ಬಲಿತ ಗಂಡಿನ ಹೆಗಲ ಮೇಲೆ ಗಟ್ಟಿಯಾದ ಚರ್ಮದ ಕವಚವಿರುತ್ತದೆ. ಸಣ್ಣ ಚರೆಗಳು ಅದನ್ನು ಗಾಯಗೊಳಿಸಬಲ್ಲವೇ ಹೊರತು ಕೊಲ್ಲಲಾರವು. ಗಾಯಗೊಂಡ ಒಂಟಿಗ ಎಂಥದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇದರ ಮೇಲೆ, ಹಂದಿಯನ್ನು ಹೊಡೆಯುವ ರೂಢಿಯ ಕ್ರಮವೇ ಅಪಾಯಕರವಾದುದು. ಜನರೂ ನಾಯಿಗಳೂ ಸೇರಿ ಗದ್ದಲವೆಬ್ಬಿಸಿ ಹಳುವನ್ನು ಸೋವುತ್ತಾರೆ. ಕೋವಿಯವರು ಸಾಲಾಗಿ ಕಾದು ನಿಂತಿರುತ್ತಾರೆ. ಹಂದಿಯು ಆ ಸಾಲನ್ನೇ ಸೀಳಿಕೊಂಡು ಓಡುತ್ತದೆ. ಹೊಡೆಯಲು ದೊರೆಯುವ ಕಾಲ ಎರಡು ಮೂರು ಕ್ಷಣ. ಆ ಕ್ಷಣಗಳಲ್ಲಿ ಕೋವಿಯ ಬಾಯಿ ಹಂದಿಯನ್ನು ಹಿಂಬಾಲಿಸಿ ತಿರುಗುತ್ತ ಪಕ್ಕದವನ ಕಡೆಗೆ ಬಂದುಬಿಡುತ್ತದೆ.

ರೈಫಲ್ಲಿನ ಗುಂಡು ಅಡೆತಡೆಯಿಲ್ಲದಿದ್ದರೆ 3 ಕಿಲೋಮೀಟರಿಗಿಂತಲೂ ದೂರ ಹೋಗಬಲ್ಲುದು. ಜೋಡುನಳಿಗೆಯ ಕೋವಿಯಿಂದ ಹಾರಿಸಿದ ಒಂಟಿಗುಂಡು ಕೂಡ ಒಂದು ಕಿಲೋಮೀಟರನ್ನು ಮೀರೀತು. ಕಲ್ಲಿಗೋ ಮರಕ್ಕೋ ಓರೆಯಾಗಿ ತಗುಲಿದರೆ ಅದು ಯಾವ ಕಡೆಗೆ ಸಿಡಿಯುವುದೆಂದು ಯಾರೂ ಹೇಳಲಾರರು. ಫ್ರಾನ್ಸ್ ದೇಶದಲ್ಲಿ ಇದಕ್ಕಾಗಿ ಒಂದು ಸರಳವಾದ ನಿಯಮವನ್ನು ಕಲಿಸುತ್ತಾರೆ. ಸಾಲಿನಲ್ಲಿ ನಿಂತವನು ತನ್ನ ನೆಲೆಯಿಂದ ನೆರೆಯವನ ಕಡೆಗೆ 5 ಹೆಜ್ಜೆ ನಡೆದು, ಅಲ್ಲಿಂದ ಲಂಬವಾಗಿ ಮುಂದಕ್ಕೆ 3 ಹೆಜ್ಜೆ ಇಟ್ಟು, ಅಲ್ಲೊಂದು ಕೋಲು ನೆಡಬೇಕು. ಇನ್ನೊಂದು ಪಕ್ಕಕ್ಕೂ ಹಾಗೆಯೇ. ನಿಂತ ನೆಲೆಯಿಂದ ಆ ಕೋಲಿಗೆಳೆದ ಗೆರೆಯು ಸಾಲಿನೊಡನೆ ಸುಮಾರು 30 ಅಂಶಗಳ ಕೋನವನ್ನು ಮಾಡುತ್ತದೆ. ಕೋಲಿಗೂ ನೆರೆಯವನಿಗೂ ನಡುವಣ ಆ ಕೋನದೊಳಕ್ಕೆ, ಹಂದಿ ಎಷ್ಟೇ ಆಸೆ ತೋರಿಸಲಿ, ಗುಂಡು ಹಾರಿಸಕೂಡದು. ಗುಂಡು ಸಮೀಪದ ನೆಲದಲ್ಲಿಯೇ ಹೂತುಹೋಗುವಂತೆ ಹೊಡೆಯಬೇಕೆಂಬುದು ಎರಡನೆಯ ನಿಯಮ; ಅಟ್ಟಣೆಯ ಮೇಲೆ ನಿಂತು ಕೆಳಮುಖವಾಗಿ ಹೊಡೆಯುವುದರ ಪ್ರಯೋಜನವೂ ಇದೇ. ಇವೆರಡೂ ಶಾಲೆಯ ರೇಖಾಗಣಿತಕ್ಕಿಂತ ಹೆಚ್ಚಿನದನ್ನು ಬೇಡುವುದಿಲ್ಲ. ಆದರೂ ಆ ದೇಶದ ಬೇಟೆಯ ಅಪಘಾತಗಳ ವರದಿಗಳಲ್ಲಿ ಮತ್ತೆ ಮತ್ತೆ ಕಂಡುಬರುವ ದೋಷ ಈ ಕೋನದ ಉಲ್ಲಂಘನೆಯೇ.

ಫ್ರಾನ್ಸಿನ ಅನುಭವ ನಮ್ಮ ಪ್ರಶ್ನೆಗೆ ಬಹಳ ಉಪಯುಕ್ತವಾದುದರಿಂದ ಅದನ್ನು ತುಸು ವಿಸ್ತಾರವಾಗಿ ನೋಡಬಹುದು. 1970ರ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಕೊಲ್ಲುತ್ತಿದ್ದ ಕಾಡುಹಂದಿಗಳು 36 ಸಾವಿರದ ಆಸುಪಾಸು. ಈಚಿನ ವರ್ಷಗಳಲ್ಲಿ ಈ ಸಂಖ್ಯೆ 8 ಲಕ್ಷವನ್ನು ಮುಟ್ಟಿದೆ. ಮೊಲ, ಕೌಜುಗಳನ್ನು ಚರೆಯಿಂದ ಹೊಡೆಯುತ್ತಿದ್ದವರ ಕೈಗೆ ದೂರಗಾಮಿಯಾದ ಗುಂಡು ಬಂದಿತು. ಬೇಟೆಯ ಪರವಾನಗಿಗೆ ಪರೀಕ್ಷೆ ಕಡ್ಡಾಯವಾದದ್ದು 1976ರಲ್ಲಿ. ಆಗ ಅದು ಬರಿಯ ಪ್ರಶ್ನೋತ್ತರದ ಪರೀಕ್ಷೆಯಾಗಿತ್ತು. ಕೈಯಲ್ಲಿ ಕೋವಿ ಹಿಡಿಸಿ ನೋಡುವ ಪ್ರಾಯೋಗಿಕ ಪರೀಕ್ಷೆ 2003ರಲ್ಲಿ ಸೇರಿತು. 1999-2000ರ ಬೇಟೆಯ ಋತುವಿನಲ್ಲಿ ಅಪಘಾತಗಳಿಂದ ಸತ್ತವರು 39 ಮಂದಿ. 2022-23ರಲ್ಲಿ 6 ಮಂದಿ. ಇದನ್ನೆಲ್ಲ ಶಿಕ್ಷಣದ ಪುಣ್ಯವೆಂದು ಹೇಳಿಬಿಡುವುದು ಆತುರವಾದೀತು. ಅದೇ ಅವಧಿಯಲ್ಲಿ ಬೇಟೆಗಾರರ ಸಂಖ್ಯೆಯೂ ಸುಮಾರು ಮೂರನೆಯ ಒಂದು ಪಾಲು ಇಳಿದಿದೆ; ಹೊಳೆಯುವ ಬಣ್ಣದ ಉಡುಪು ಬಳಕೆಗೆ ಬಂದಿದೆ. ಆದರೆ ಮೂರನೆಯ ಒಂದು ಪಾಲಿನ ಇಳಿತದಿಂದ ಸಾವುಗಳು ಆರನೆಯ ಒಂದು ಪಾಲಿಗೆ ಇಳಿಯಲಾರವು. ಅದೂ ಕೊಲ್ಲುವ ಹಂದಿಗಳ ಸಂಖ್ಯೆ ಸುಮಾರು ಇಮ್ಮಡಿಯಾದ ಕಾಲದಲ್ಲಿ. ಉಳಿದುದರಲ್ಲಿ ಶಿಕ್ಷಣಕ್ಕೂ ನಿಯಮಗಳಿಗೂ ಒಂದು ಭಾಗ ಸಲ್ಲಬೇಕು.

ಇದಕ್ಕೆ ವಿರುದ್ಧವಾಗಿ ನಿಲ್ಲುವ ಒಂದು ಘಟನೆಯನ್ನು ಮರೆಮಾಚುವುದು ನ್ಯಾಯವಲ್ಲ. 2020ರ ಡಿಸೆಂಬರಿನಲ್ಲಿ ಆ ದೇಶದ ಲೋತ್ ಪ್ರಾಂತದಲ್ಲಿ, ತನ್ನ ಮನೆಯ ಬಳಿ ಸೌದೆ ಕಡಿಯುತ್ತಿದ್ದ ತರುಣನೊಬ್ಬನನ್ನು ಹಂದಿಯೆಂದು ಭ್ರಮಿಸಿ ಬೇಟೆಗಾರನೊಬ್ಬನು ಗುಂಡಿಟ್ಟು ಕೊಂದನು. ಕೊಂದವನು ಶಿಕ್ಷಣವಿಲ್ಲದವನಲ್ಲ, ಕೆಲವೇ ತಿಂಗಳ ಹಿಂದೆ ಪರವಾನಗಿ ಪಡೆದಿದ್ದವನು. 2023ರ ಜನವರಿಯಲ್ಲಿ ನ್ಯಾಯಾಲಯವು ಅವನೊಡನೆ ಆ ದಿನದ ಬೇಟೆಯನ್ನು ಏರ್ಪಡಿಸಿದ್ದವನನ್ನೂ ಅಪರಾಧಿಯೆಂದು ತೀರ್ಮಾನಿಸಿತು. ಈ ತೀರ್ಪಿನ ಎರಡನೆಯ ಭಾಗವೇ ನಮಗೆ ಮುಖ್ಯ. ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ನಿಯಮಗಳು ಗೊತ್ತಿರಬಹುದು. ಈ ತೋಪಿನ ಹಿಂದೆ ಮನೆಯಿದೆ, ಆ ದಾರಿಯಲ್ಲಿ ಜನ ಓಡಾಡುತ್ತಾರೆ ಎಂಬುದು ನೆಲವನ್ನು ಬಲ್ಲವನು ಹೇಳಿದರೆ ತಾನೆ ಗೊತ್ತಾಗುವುದು? ಈ ಮರಣದ ತರುವಾಯ ಎದ್ದ ಚರ್ಚೆಯ ಫಲವಾಗಿ ಸೆನೆಟ್ ಸಭೆ 2022ರಲ್ಲಿ ವರದಿಯನ್ನು ಕೊಟ್ಟಿತು; 2023ರಲ್ಲಿ ಸರ್ಕಾರವು ಸಾಮೂಹಿಕ ಬೇಟೆಯನ್ನು ನಡೆಸುವವರಿಗೂ ಶಿಕ್ಷಣವಿರಬೇಕೆಂಬ ಯೋಜನೆಯನ್ನು ಪ್ರಕಟಿಸಿತು. 2019ರ ಶಾಸನವಾದರೋ ಪ್ರತಿಯೊಬ್ಬ ಬೇಟೆಗಾರನೂ ಹತ್ತು ವರ್ಷಕ್ಕೊಮ್ಮೆ ಸುರಕ್ಷತೆಯ ಪಾಠವನ್ನು ಮತ್ತೆ ಕೇಳಬೇಕೆಂದು ಅದಾಗಲೇ ವಿಧಿಸಿತ್ತು. ಒಮ್ಮೆ ಕಲಿತದ್ದು ಜೀವಮಾನಕ್ಕೆ ಸಾಕೆಂಬ ಭಾವನೆಯನ್ನು ಅಲ್ಲಿ ಕೈಬಿಟ್ಟರೆಂದು ಹೇಳಬಹುದು.

ಜರ್ಮನಿಯ ಪದ್ಧತಿ ಇನ್ನೂ ಕಠಿಣ. ಅಲ್ಲಿ ಗುಂಡು ಹಾರಿಸುವುದು, ಲಿಖಿತ, ಮೌಖಿಕ-ಪ್ರಾಯೋಗಿಕ ಎಂದು ಪರೀಕ್ಷೆಯಲ್ಲಿ ಮೂರು ಭಾಗಗಳು. ಹಲವು ರಾಜ್ಯಗಳಲ್ಲಿ ಹಳಿಯ ಮೇಲೆ ಓಡುವ ಹಂದಿಯ ಚಿತ್ರಕ್ಕೆ ಗುರಿಯಿಡಬೇಕು. (1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಇಂತಹ ಓಡುವ ಹಂದಿಯ ಗುರಿಯ ಸ್ಪರ್ಧೆಯಿತ್ತು.) ನಿಂತ ಗುರಿಗೆ ಹೊಡೆದು ಬಹುಮಾನ ಗಳಿಸಿದವರೂ ಓಡುವ ಹಂದಿಯ ಮುಂದೆ ಪೆಚ್ಚಾಗುವುದುಂಟು. ಮರಿಗಳು ಸ್ವತಂತ್ರವಾಗುವವರೆಗೆ ತಾಯಿಯನ್ನು ಹೊಡೆಯಕೂಡದೆಂಬ ಕಾನೂನಿನ ವಿಧಿಯನ್ನೂ, ಅದಕ್ಕೆ ಬೇಕಾದ ವಯಸ್ಸಿನ ಹಾಗೂ ಲಿಂಗದ ಗುರುತುಗಳನ್ನೂ ಅಲ್ಲಿ ಕಲಿಯಬೇಕು.

ಹಂದಿ ಬಿದ್ದಮೇಲೆ ಮಾಡಬೇಕಾದುದೂ ಪಾಠದ ಭಾಗವೇ. ಹಂದಿಯ ಮಾಂಸಖಂಡದಲ್ಲಿ ಅಡಗಿರುವ ಟ್ರೈಕಿನೆಲ್ಲಾ ಎಂಬ ಹುಳು, ಸರಿಯಾಗಿ ಬೇಯದ ಮಾಂಸದ ಮೂಲಕ ಮನುಷ್ಯನಿಗೆ ಬರುತ್ತದೆ. ಮಾರಾಟಕ್ಕೆ ಬರುವ ಬೇಟೆಯ ಮಾಂಸವನ್ನು ಪರಿಶೀಲಿಸಲು ಬೇಟೆಗಾರರಲ್ಲಿಯೇ ಶಿಕ್ಷಣ ಪಡೆದವರಿರಬೇಕೆಂದು ಐರೋಪ್ಯ ಒಕ್ಕೂಟವು 2004ರ ನಿಯಮದಲ್ಲಿ ವಿಧಿಸಿದೆ. ಆಫ್ರಿಕನ್ ಹಂದಿಜ್ವರವು ಮನುಷ್ಯರಿಗೆ ತಗಲುವುದಿಲ್ಲವಾದರೂ ಹಂದಿಗಳಿಗೆ ಮಾರಕ; ಅದರ ವಿಷಾಣು ರಕ್ತದಲ್ಲಿಯೂ ಕಳೇಬರದಲ್ಲಿಯೂ ಬಹುಕಾಲ ಉಳಿಯುತ್ತದೆ. ಈ ರೋಗ 2007ರಲ್ಲಿ ಜಾರ್ಜಿಯ ದೇಶವನ್ನೂ, 2020ರಲ್ಲಿ ಜರ್ಮನಿಯನ್ನೂ ಪ್ರವೇಶಿಸಿತು. ಅದೇ 2020ರಲ್ಲಿ ಅಸ್ಸಾಮಿನಲ್ಲಿಯೂ, 2022ರಲ್ಲಿ ಕೊಡಗಿನ ನೆರೆಯ ವಯನಾಡಿನಲ್ಲಿಯೂ ಕಾಣಿಸಿಕೊಂಡಿತು. ಕರುಳನ್ನು ಕಾಡಿನಲ್ಲಿಯೇ ಎಸೆದು, ಅದೇ ಬೂಟುಗಾಲಿನಲ್ಲಿ ಹಂದಿಗೂಡಿಗೆ ಹೋಗುವವನು ರೋಗದ ವಾಹಕನಾದಾನು.

ಈಗ ನಮ್ಮ ನಾಡಿನ ಸ್ಥಿತಿ. 1972ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ವಿನೋದದ ಬೇಟೆ ನಿಂತುಹೋಗಿದೆ. ಬೆಳೆಗೋ ಪ್ರಾಣಕ್ಕೋ ಅಪಾಯವೊದಗಿದಾಗ ಅಧಿಕಾರಿಯ ಲಿಖಿತ ಅನುಮತಿಯಿಂದ ಮಾತ್ರ ಕಾಡುಹಂದಿಯನ್ನು ಕೊಲ್ಲಬಹುದು. ಕೇರಳ ರಾಜ್ಯವು 2022ರಲ್ಲಿ ಈ ಅನುಮತಿಯನ್ನು ಕೊಡುವ ಅಧಿಕಾರವನ್ನು ಪಂಚಾಯಿತಿಗಳ ಅಧ್ಯಕ್ಷರಿಗೂ ನಗರಸಭೆಗಳ ಮುಖ್ಯಸ್ಥರಿಗೂ ಒಪ್ಪಿಸಿತು. ಪರವಾನಗಿಯುಳ್ಳ ಕೋವಿಯವರು ಹೊಡೆಯಬೇಕು, ವಿಷ, ಸ್ಫೋಟಕ, ವಿದ್ಯುತ್ತುಗಳನ್ನು ಬಳಸಕೂಡದು, ಕಳೇಬರವನ್ನು ಕ್ರಮವಾಗಿ ಹೂಳಬೇಕು ಎಂದು ಗೊತ್ತುಮಾಡಿತು. ಕಳೇಬರದ ವಿಷಯದಲ್ಲಿ ತೋರಿದ ಎಚ್ಚರ ಶ್ಲಾಘ್ಯವಾದುದೇ. ಆದರೆ ಕೋವಿಯ ಪರವಾನಗಿಯೆಂಬುದು ಕೋವಿಯನ್ನು ಇಟ್ಟುಕೊಳ್ಳುವ ಯೋಗ್ಯತೆಯನ್ನು ತೋರಿಸುತ್ತದೆಯೇ ಹೊರತು, ಮನೆಗಳ ನಡುವಣ ಮರಗೆಣಸಿನ ತೋಟದಲ್ಲಿ ರಾತ್ರಿ ಓಡುವ ಹಂದಿಗೆ ಗುಂಡಿಡುವ ಯೋಗ್ಯತೆಯನ್ನಲ್ಲ. 2016ರ ಆಯುಧ ನಿಯಮಗಳು ಪರವಾನಗಿ ಬೇಡುವವರಿಗೆ ಸುರಕ್ಷತೆಯ ಶಿಕ್ಷಣವನ್ನು ವಿಧಿಸಿವೆ. ಅದರಲ್ಲಿ ಕೋವಿಯನ್ನು ಹಿಡಿಯುವ, ಸಾಗಿಸುವ, ಜೋಪಾನವಾಗಿಡುವ ಕ್ರಮಗಳುಂಟು. ಹಂದಿ ಇಲ್ಲ, ಸೋವು ಇಲ್ಲ. ಕೊಡಗಿನಲ್ಲಂತೂ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದೆ. 2019ರಲ್ಲಿ ಅದನ್ನು ಹತ್ತು ವರ್ಷಗಳ ಅವಧಿಗೆ ಮುಂದುವರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸುವ ಆ ಜನರಿಗೆ ಕೋವಿಯ ಶಿಸ್ತು ಮನೆತನದ ವಿದ್ಯೆ. ಅದನ್ನು ಅಲ್ಲಗಳೆಯುವುದು ಅವಿವೇಕವಾದೀತು.

ಇಲ್ಲಿಯೇ ಪ್ರಬಲವಾದ ಆಕ್ಷೇಪವೊಂದು ಬರುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ಗೆಣಸನ್ನೋ ಭತ್ತವನ್ನೋ ಕಳೆದುಕೊಳ್ಳುವ ರೈತನು ಪಾಠ ಕೇಳಲು ಪಟ್ಟಣಕ್ಕೆ ಹೋಗಬೇಕೆ? ನಿಯಮ ಬಿಗಿಯಾದಷ್ಟೂ ಅವನು ಉರುಳಿಗೂ ವಿದ್ಯುತ್ ತಂತಿಗೂ ಕೈಹಾಕುವನಲ್ಲವೆ? ಈ ಭಯ ನಿರಾಧಾರವಲ್ಲ. ತಂತಿಗೆ ಹಂದಿಯಲ್ಲದೆ ಆನೆಯೂ ಮನುಷ್ಯನೂ ಬಲಿಯಾಗುವುದನ್ನು ನಾವು ಕಂಡಿದ್ದೇವೆ. ಆದರೆ ಇದು ಶಿಕ್ಷಣ ಬೇಡವೆಂಬುದಕ್ಕೆ ವಾದವಲ್ಲ. ಶಿಕ್ಷಣ ಹತ್ತಿರದಲ್ಲಿರಬೇಕು, ಹ್ರಸ್ವವಾಗಿರಬೇಕು, ವೆಚ್ಚವಿಲ್ಲದಿರಬೇಕು ಎಂಬುದಕ್ಕೆ ವಾದ. ಪ್ರತಿಯೊಬ್ಬ ರೈತನೂ ಬೇಟೆಗಾರನಾಗಬೇಕಾಗಿಯೂ ಇಲ್ಲ. ಗ್ರಾಮಕ್ಕೆ ಮೂರು ನಾಲ್ಕು ಮಂದಿ ಸಮರ್ಥರನ್ನು ಆರಿಸಿ ಕಲಿಸಿದರೆ ಸಾಕಾದೀತು. ಅನುಭವಸ್ಥರಾದ ಹಿರಿಯರನ್ನು ಶಿಷ್ಯರನ್ನಾಗಿ ಕೂರಿಸುವ ಬದಲು ಶಿಕ್ಷಕರನ್ನಾಗಿ ಕರೆಯುವುದು ಲೇಸು. ಅವರಿಗೂ ಓಡುವ ಗುರಿಯ ಪರೀಕ್ಷೆಯೊಂದನ್ನು ಇಡಲೇಬೇಕು, ಏಕೆಂದರೆ ವಯಸ್ಸಾದಂತೆ ಕಣ್ಣು ತನಗೆ ಮಬ್ಬಾಯಿತೆಂದು ತಾನೇ ಒಪ್ಪಿಕೊಳ್ಳುವುದಿಲ್ಲ.

ಎರಡು ದಿನಗಳ ಪಾಠದಲ್ಲಿ ಇದೆಲ್ಲ ಅಡಗಬಹುದು. ಒಂದು ದಿನ ಗುರಿಯ ಬಯಲಿನಲ್ಲಿ. ಇನ್ನೊಂದು ದಿನ ಆ ಊರಿನದೇ ಹೊಲಗಳಲ್ಲಿ, ತುಂಬದ ಕೋವಿಯೊಡನೆ. ಯಾವ ನೆಲೆಯಿಂದ ಯಾವ ದಿಕ್ಕಿಗೆ ಹೊಡೆದರೆ ಗುಂಡು ಮಣ್ಣಿನಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿಯಿದೆ, ಯಾರ ಮನೆಯ ದೀಪ ಮರದ ಹಿಂದೆ ಮರೆಯಾಗುತ್ತದೆ ಎಂಬುದನ್ನು ನಡೆದು ನೋಡಿ, ಕೋಲು ನೆಟ್ಟು, ಊರಿನ ನಕಾಶೆಯ ಮೇಲೆ ಗುರುತು ಹಾಕಬೇಕು. ಆ ನಕಾಶೆಯ ಒಂದು ಪ್ರತಿ ಅನುಮತಿ ಪತ್ರವನ್ನು ಬರೆದುಕೊಡುವವರ ಮೇಜಿನ ಮೇಲೂ ಇರಬೇಕು.